ಬಾಷಾಬಿಯ ಬಟ್ಟಲು

ಕೊಪ್ಪಳಕ್ಕೆ ಬಂದ ಮೊದಲ ವಾರವೇ ನನಗೆ ತಿಳಿದುಹೋಯಿತು, ಈ ಊರಿಗೆ ತಾನೇನು ಅನ್ನುವುದೇ ಗೊತ್ತಿಲ್ಲ. ಹಳ್ಳಿ ಅಂದರೆ ಮಂದಿಗೆ ಸಿಟ್ಟು ಬರುತ್ತದೆ. ಪಟ್ಟಣ ಅನ್ನೋಣವೆಂದರೆ ನಮ್ಮ ಬಡಾವಣೆಯ ರಸ್ತೆಗೆ ಇನ್ನೂ ಡಾಂಬರೇ ಬಿದ್ದಿಲ್ಲ. ಒಣಹಾಕಿದ ಬಿಳಿ ಬಟ್ಟೆ ಸಂಜೆಯೊಳಗೆ ಕಾರ್ಖಾನೆಯ ಧೂಳು ಕೂತು ಕರ್ರಗಾಗಿರುತ್ತದೆ. ನಳ ಯಾವಾಗ ಬರುತ್ತದೆಂದು ನೀರು ಬಿಡುವವನಿಗೂ ಗೊತ್ತಿರುವುದಿಲ್ಲ. ಆದರೆ ಯಾರನ್ನು ಏನು ಕೇಳಿದರೂ ಒಂದೇ ಮಾತು, "ಡಿಸ್ಟ್ರಿಕ್ಟ್ ಪ್ಲೇಸ್ ಐತ್ರಿ ಇದು!" ಥೂ, ನಿಮ್ಮ ಡಿಸ್ಟ್ರಿಕ್ಟ್ ಪ್ಲೇಸಿಗಿಷ್ಟು.

ಮಂದಿಯಂತೂ ಕೇಳಲೇಬೇಡಿ. ನಾಲ್ಕು ಹೆಜ್ಜೆ ದೂರದ ಹಾಲಿನ ಅಂಗಡಿಗೆ ಬೈಕು ಹತ್ತಿ ಹೋಗುತ್ತಾರೆ, ಸಂಜೆ ಅದೇ ರಸ್ತೆಯಲ್ಲಿ ಬಿಳಿ ಬೂಟು ಹಾಕಿಕೊಂಡು ವಾಕಿಂಗ್ ಮಾಡುತ್ತಾರೆ. ಕದಿಯಲು ಒಳಗೆ ಏನೂ ಇಲ್ಲದ ಮನೆಗೂ ಬಾಗಿಲ ಮೇಲೊಂದು ಕ್ಯಾಮೆರಾ. ಮಾತಾಡಬೇಕೆಂದರೆ ಕಬ್ಬಿಣದ ಗ್ರಿಲ್ಲಿನ ಆಚೆಯಿಂದಲೇ ಮಾತು, ಜೈಲಿನವರು ಮಾತಾಡಿದ ಹಾಗೆ. ನಮ್ಮ ಹನುಮಸಾಗರದಲ್ಲಿ ಹಗಲು ಹೊತ್ತು ಬಾಗಿಲು ಹಾಕಿದರೆ "ಯಾಕವಾ, ಆರಾಮ ಇಲ್ಲೇನು?" ಅಂತ ಓಣಿಯೇ ಬಂದು ನಿಲ್ಲುತ್ತಿತ್ತು.

ನನ್ನ ಗಂಡ ಇಲಿಯಾಸರಿಗೆ ಮಾತ್ರ ಈ ಊರು ಹಿಡಿಸಿಬಿಟ್ಟಿತ್ತು. ಬೈಕ್ ರಿಪೇರಿ ಗ್ಯಾರೇಜು ಹಾಕಿದ್ದರು, ಗಿರಾಕಿಗಳು ಬರುತ್ತಿದ್ದರು. ನಾನು ಬಂದ ದಿನವೇ ಷರತ್ತು ಹಾಕಿದ್ದೆ: ಬಕ್ರೀದ್ ತನಕ ನೋಡುತ್ತೇನೆ, ಹಿಡಿಸದಿದ್ದರೆ ಊರಿಗೆ ವಾಪಸ್. ಅವರು ಹೂಂ ಅಂದಿದ್ದರು. ಆದರೆ ಗ್ಯಾರೇಜಿನ ಬೋರ್ಡನ್ನು ದಿನಾ ಬೆಳಿಗ್ಗೆ ತಾವೇ ಒರೆಸುತ್ತಿದ್ದರು, ಅದು ನನ್ನ ಕಣ್ಣಿಗೆ ಬೀಳುತ್ತಿತ್ತು.

ಪಕ್ಕದ ಮನೆಯವರು ಯಲಬುರ್ಗಾ ಕಡೆಯವರು, ಹಂಪಣ್ಣ ಮತ್ತು ವಿರೂಪಾಕ್ಷಮ್ಮ. ಪೇಟೆಯಲ್ಲಿ ಕಿರಾಣಿ ಅಂಗಡಿ, ಮನೆಯಲ್ಲಿ ಶುದ್ಧ ಶಾಕಾಹಾರ. ಶಿವರಾತ್ರಿಯ ಹೊತ್ತಿಗೆ ಅವರ ಮನೆಗೆ ಬೀಗ ಬಿತ್ತು. ಬಹಳ ದಿನ ಬಿಟ್ಟು ಬಂದಾಗ ಹಂಪಣ್ಣನ ತಲೆ ನುಣ್ಣಗೆ ಬೋಳಾಗಿತ್ತು. ಓಹೋ, ತಿರುಪತಿ ಸವಾರಿ ಆಗಿದೆ ಅಂದುಕೊಂಡೆ. ಒಂದು ಚೂರು ಲಾಡು ಕೊಡುವ ಬುದ್ಧಿಯಾದರೂ ಬೇಡವೇ? ಕಾದೆ. ಬರಲಿಲ್ಲ.

ರಂಜಾನ್ ಹಬ್ಬಕ್ಕೆ, ಕೊಡುವುದೆಂದರೆ ಏನೆಂದು ಇವರಿಗೆ ತೋರಿಸಿಯೇ ಬಿಡೋಣವೆಂದುಕೊಂಡೆ. ನಮ್ಮ ಕಡೆ ಶಾಕಾಹಾರಿಗಳ ಮನೆಗೆ ಮಾಡಿದ ಸುರಕುಂಬಾ, ಅಂದರೆ ಹಬ್ಬದ ಶ್ಯಾವಿಗೆ ಪಾಯಸ, ಕಳಿಸುವುದಿಲ್ಲ. ಶ್ಯಾವಿಗೆ, ಸಕ್ಕರೆ, ಖರ್ಜೂರ, ಗೋಡಂಬಿ, ದ್ರಾಕ್ಷಿ ಎಲ್ಲವನ್ನೂ ಒಣದಾಗಿಯೇ ಕೊಡುತ್ತೇವೆ, ಅವರು ತಮ್ಮ ಒಲೆಯ ಮೇಲೆ ಮಾಡಿಕೊಳ್ಳುತ್ತಾರೆ. ಮೊದಲ ಸಲ ಕೊಡುವಾಗ ಪ್ಲಾಸ್ಟಿಕ್ ಡಬ್ಬಿ ಮರ್ಯಾದೆಯಲ್ಲ ಅಂತ ನಮ್ಮಮ್ಮನ ಹಿತ್ತಾಳೆ ಬಟ್ಟಲು ತುಂಬಿದೆ. ಅದರ ಅಂಚಿನಲ್ಲಿ "ಬಾಷಾಬಿ, ಹನುಮಸಾಗರ" ಅಂತ ಅಮ್ಮನ ಹೆಸರು ಹೊಡೆಸಿತ್ತು. ಅಮ್ಮ ಹೋದ ಮೇಲೆ ನನ್ನ ಪಾಲಿಗೆ ಬಂದದ್ದು ಅದೊಂದೇ. ವಿರೂಪಾಕ್ಷಮ್ಮ ಗ್ರಿಲ್ ತೆಗೆದು, ಎರಡೂ ಕೈಯಲ್ಲಿ ಇಸಿದುಕೊಂಡು ಒಳಗೆ ಹೋದರು.

ಬಟ್ಟಲು ಬರಲಿಲ್ಲ. ನಮ್ಮೂರಲ್ಲಾದರೆ ಎರಡು ದಿನದೊಳಗೆ ಏನಾದರೊಂದು ತುಂಬಿಕೊಂಡು ವಾಪಸ್ ಬರುತ್ತಿತ್ತು. ಯುಗಾದಿ ಬಂತು, ಹೋಳಿಗೆ ಬರಬಹುದೆಂದು ನೋಡಿದೆ. ಅವರ ಬಾಗಿಲಿಗೆ ಮಾವಿನ ತೋರಣವನ್ನೂ ಕಟ್ಟಿರಲಿಲ್ಲ. ದೇವರಿಗೂ ಜಿಪುಣತನ! ಮೇಲಾಗಿ ವಿರೂಪಾಕ್ಷಮ್ಮ ನನ್ನನ್ನು ಕಂಡರೆ ಸೆರಗು ಎಳೆದುಕೊಂಡು ಒಳಗೆ ಸರಿಯತೊಡಗಿದರು. ಕಳ್ಳರ ನಡಿಗೆಯೇ ಹಾಗೆ ಅಂತ ಗಂಡನ ಮುಂದೆ ಹೇಳಿದೆ.

"ಹೋಗಿ ಕೇಳಿಬಿಡು ಮತ್ತ," ಅಂದರು ಇಲಿಯಾಸ.

"ಕೊಟ್ಟ ಭಾಂಡೆ ಕೇಳಿ ಇಸ್ಕೊಳ್ಳಾಕ ನನಗ ನಾಚ್ಕಿ ಇಲ್ಲೇನ್ರಿ? ಅವರಿಗಿಲ್ಲ ಅಂತ ನನಗೂ ಇರಬಾರ್ದೇನು?"

ಬಕ್ರೀದ್ ಹತ್ತಿರ ಬಂತು. ನಾನು ನನ್ನ ತೀರ್ಪು ಹೇಳಿಬಿಟ್ಟೆ: ಹಬ್ಬ ಮುಗಿದ ಕೂಡಲೇ ಹೊರಡೋಣ. ಇಲಿಯಾಸ ಎದುರಾಡಲಿಲ್ಲ. ಸಾಮಾನು ಸಾಗಿಸಲು ಟಂಟಂ ಓಡಿಸುವ ಗೋಣೆಪ್ಪನಿಗೆ ಹೇಳಿ ಬಂದು, ಉಣ್ಣದೆ ಮಲಗಿದರು. ನನಗೂ ಕೆಟ್ಟೆನಿಸಿತು, ಆದರೆ ಬಗ್ಗಲಿಲ್ಲ. ಊರು ಬಿಡುವ ಮೊದಲು ಬಟ್ಟಲು ತರಬೇಕಿತ್ತು. ಮರುದಿನ ಬೆಳಿಗ್ಗೆ ನಾಚಿಕೆ ಬಿಟ್ಟು ಅವರ ಗ್ರಿಲ್ ಬಡಿದೆ.

"ಅಕ್ಕಾರ, ನಮ್ಮಮ್ಮನ ಬಟ್ಟಲಾ ಐತೋ, ಗುಜರಿಗೆ ಹಾಕೀರೋ?"

ವಿರೂಪಾಕ್ಷಮ್ಮ ಗ್ರಿಲ್ ತೆಗೆದರು. "ಒಳಗ ಬಾ ತಂಗಿ," ಅಂದು ಬಟ್ಟಲು ತಂದು ನನ್ನ ಮುಂದಿಟ್ಟರು. ಹುಣಸೆಹಣ್ಣು ಹಾಕಿ ತಿಕ್ಕಿದ್ದರು, ಅಮ್ಮನ ಹೆಸರು ಥಳಥಳ ಹೊಳೆಯುತ್ತಿತ್ತು.

"ಇಷ್ಟು ದಿನ ಇಟ್ಕೊಂಡಿದ್ದು ತಪ್ಪಾತು. ಶಿವರಾತ್ರಿ ಮುಂದ ನಮ್ಮತ್ತಿ ತೀರಿಕೊಂಡ್ರು. ಕಾರ್ಯ ಎಲ್ಲಾ ಯಲಬುರ್ಗಾದಾಗ ಮಾಡಿ ಬಂದ್ವಿ. ವರ್ಷ ತುಂಬೂತನಕ ನಮ್ಮ ಮನ್ಯಾಗ ಹಬ್ಬ ಇಲ್ಲ, ಸಿಹಿ ಮಾಡಂಗಿಲ್ಲ. ತಾಯಿ ಹೆಸರು ಇರೂ ಬಟ್ಟಲಾ ಖಾಲಿ ಹೆಂಗ ಕೊಡ್ಲಿ?"

ನನ್ನ ಕಪಾಳಕ್ಕೆ ಬಾರಿಸಿದಂತಾಯಿತು. ಬೋಳು ತಲೆ, ಕಟ್ಟದ ತೋರಣ. ನಮ್ಮೂರಲ್ಲಾದರೆ ಸತ್ತವರ ಮನೆಗೆ ಹೋಗಿ ಕೂತು ನಾಲ್ಕು ಮಾತಾಡಿ ಬರುತ್ತಿದ್ದೆ. ಇಲ್ಲಿ ಗೋಡೆಯಾಚೆ ಕೂತು ಲಾಡಿಗೆ ಕಾದಿದ್ದೆ. ಆದರೂ ನನ್ನ ನಾಲಿಗೆ ಸುಮ್ಮನಿರಬೇಕಲ್ಲ.

"ಒಂದ್ ಹಿಡಿ ಸಕ್ರಿನಾದ್ರೂ ಹಾಕಿ ಕೊಡಬೇಕಿತ್ತು ಅಕ್ಕಾರ."

"ನೀ ಅಷ್ಟು ಗೋಡಂಬಿ ದ್ರಾಕ್ಷಿ ತುಂಬಿ ಕೊಟ್ಟಿದ್ದಿ. ಹಿಡಿ ಸಕ್ರಿ ಹಾಕಿ ಕೊಟ್ಟಿದ್ರ, ಕಿರಾಣಿ ಅಂಗಡಿ ಇಟ್ಟ ಮಂದಿ ಇಷ್ಟ ಕೊಡ್ತಾರ ನೋಡು ಅಂತಿದ್ದಿಲ್ಲೇನು?"

ಅನ್ನುತ್ತಿದ್ದೆ. ಖಂಡಿತ ಅನ್ನುತ್ತಿದ್ದೆ. ಓಣಿ ತುಂಬ ಸಾರುತ್ತಿದ್ದೆ.

"ವರ್ಷ ಮುಗಿದ ಮ್ಯಾಲ ಮೊದಲ್ನೇ ಹೋಳಿಗಿ ಇದರಾಗ ಹಾಕಿ ಕೊಡಬೇಕಂತ ಮಾಡಿದ್ದೆ," ಅಂದರು ವಿರೂಪಾಕ್ಷಮ್ಮ. "ಆದ್ರ ನೀವು ಊರಿಗೆ ಹೊಂಟೀರಂತ. ನಿಮ್ಮ ಮನಿಯವ್ರು ನಮ್ಮವರ ಮುಂದ ಹೇಳಿ ಭಾಳ ಸಂಕಟ ಮಾಡ್ಕೊಂಡ್ರಂತ. ತಗೊಂಡು ಹೋಗವಾ. ಖಾಲಿ ಕೊಟ್ಟೆ ಅಂತ ಬ್ಯಾಸರ ಮಾಡ್ಕೋಬ್ಯಾಡ."

ಅವರು ಬಟ್ಟಲನ್ನು ನನ್ನ ಕೈಗೆ ಕೊಡಲು ಬಂದರು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

"ಇರ್ಲಿ ಇಟ್ಕೊಳ್ರಿ," ಅಂದೆ. ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ.

ಇಲಿಯಾಸ ಹೊರಗೆ ಕೂತು ಗ್ಯಾರೇಜಿನ ನಟ್ಟು ಬಿಚ್ಚುವ ಪಾನಾಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು. ನನ್ನ ಖಾಲಿ ಕೈ ನೋಡಿದರು.

"ಬಟ್ಟಲಾ?"

"ಕೊಡ್ಲಿಲ್ಲ."

"ಹಂಗಂದ್ರ? ನಾ ಹೋಗಿ ಕೇಳ್ಲೇನು?"

"ಏನೂ ಬ್ಯಾಡ. ಆ ಗೋಣೆಪ್ಪಗ ಫೋನ್ ಹಚ್ಚಿ ಟಂಟಂ ಬ್ಯಾಡ ಅನ್ರಿ. ಬರೂ ಶಿವರಾತ್ರಿ ಆಗೂತನಕ ನಾ ಎಲ್ಲಿಗೂ ಬರಂಗಿಲ್ಲ."

ಅವರ ಕೈಯಲ್ಲಿದ್ದ ಪಾನಾ ಅಲ್ಲೇ ನಿಂತಿತು. "ಯಾಕ, ಏನಾತು?"

"ಯಾಕಂದ್ರ?" ಅಂತ ಅವರ ಮೇಲೆ ಹರಿಹಾಯ್ದೆ, ಕಣ್ಣು ಒರೆಸಿಕೊಳ್ಳುತ್ತ. "ನಮ್ಮಮ್ಮನ ಬಟ್ಟಲಾ ಅವರ ಮನ್ಯಾಗ ಬಿಟ್ಟು ಹೆಂಗ ಹೋಗ್ಲಿ? ಈ ಕೊಪ್ಪಳದ ಮಂದಿನ ನಂಬಾಕ ಬರ್ತೈತೇನು?"