ಎಂಜಲಿನ ಬೆಂಕಿ

“ಒತ್ತೇ ಮುಂಡೆ, ನಿನ್ ಹೆಬ್ಬೆಟ್ಟೇನು ಸವೆದುಹೋಗುತ್ತಾ?”

ಮೇಸ್ತ್ರಿ ಶಾಯಿಡಬ್ಬಿಯನ್ನು ಅವಳ ಮೂಗಿಗೆ ತಾಗುವಂತೆ ಹಿಡಿದಿದ್ದ. ಕಾಲೇಜು ಹಾಸ್ಟೆಲಿನ ಅಡುಗೆಮನೆಯ ಹಿಂದೆ, ಪಾತ್ರೆ ತೊಳೆಯುವ ಕಟ್ಟೆ. ಅವಳ ಕೈ ಮೊಣಕೈವರೆಗೆ ಜಿಡ್ಡುನೀರಿನಲ್ಲಿತ್ತು. ಆಚೆ ತುದಿಯಲ್ಲಿ ಅತ್ತೆ ಹಂಡೆಯೊಳಗೆ ತಲೆ ತೂರಿಸಿ ಸೀದ ತಳ ಕೆರೆಯುತ್ತಿದ್ದಳು.

“ನಂಗೆ ಓದಕ್ಕೆ ಬರುತ್ತೆ. ಕೊಡಿ ಇಲ್ಲಿ.”

“ಓಹೋ, ನಾಲ್ಕನೇ ಕ್ಲಾಸಿನ ಪಂಡಿತರು! ಓದವ್ವಾ, ಓದು.”

ಸೆರಗಿಗೆ ಕೈ ಒರೆಸಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ‘ಮೃತನು ಕುಡಿದ ಅಮಲಿನಲ್ಲಿ, ಯಾರ ಅಪ್ಪಣೆಯೂ ಇಲ್ಲದೆ, ತಾನಾಗಿಯೇ ಗುಂಡಿಗೆ ಇಳಿದಿರುತ್ತಾನೆ.’

ಮೃತ ಎಂದರೆ ಅವಳ ಗಂಡ. ಸತ್ತು ಇಪ್ಪತ್ತಾರು ದಿನ.

ಆ ಕಾಲೇಜಿನಿಂದ ಒಂದು ಹಿಡಿ ಕಸವೂ ಆಚೆ ಹೋಗುವುದಿಲ್ಲ ಎಂದು ಗೇಟಿನಲ್ಲಿ ಬೋರ್ಡು ಹಾಕಿದ್ದರು. ಹಾಸ್ಟೆಲಿನ ಎಂಜಲೆಲ್ಲ ಹಿತ್ತಲ ಗುಂಡಿಗೆ ಬೀಳಬೇಕು, ಅಲ್ಲಿ ಕೊಳೆತು ಗ್ಯಾಸಾಗಬೇಕು, ಪೈಪಿನಲ್ಲಿ ಬಂದು ಅಡುಗೆಮನೆಯ ಒಲೆ ಉರಿಸಬೇಕು. ಉರಿಸುತ್ತಿತ್ತು ಕೂಡ. ಆದರೆ ಎಂಜಲಿನ ಬಕೆಟ್ಟಿಗೆ ಓದಿದ ಮಕ್ಕಳು ಪ್ಲಾಸ್ಟಿಕ್ ಚಮಚ, ಕವರು, ಬಾಟಲಿ ಮುಚ್ಚಳ, ಕೈಗೆ ಸಿಕ್ಕಿದ್ದೆಲ್ಲ ಎಸೆಯುತ್ತಿದ್ದರು. ಗುಂಡಿಯ ಬಾಯಿ ಕಟ್ಟಿಕೊಂಡಿತು. ಒಲೆ ಆರಿತು. ಬಹುಮಾನ ಕೊಡುವ ಕಮಿಟಿ ಬರುವ ದಿನ ಹತ್ತಿರ ಬಂದಿತ್ತು.

ಅವನನ್ನು ಇಳಿಸಿದರು.

ಜೊತೆಯವರು ಅವನನ್ನು ಹಾಲಪ್ಪ ಎಂದು ರೇಗಿಸುತ್ತಿದ್ದರು. ಕುಡಿಯುವವರ ನಡುವೆ ಕೂತು ಚಹಾ ಕೇಳುವ ಗಂಡಸು. ಅವತ್ತು ನಾಲ್ಕು ಮೆಟ್ಟಿಲು ಇಳಿದವನು ವಾಂತಿ ಮಾಡಿಕೊಂಡು ಮೇಲೆ ಬಂದ. “ಆಗಲ್ಲ ಮೇಸ್ತ್ರಿ, ಕರುಳು ಬಾಯಿಗೆ ಬರ್ತಿದೆ” ಎಂದ. ಮೇಸ್ತ್ರಿ ಸೈಕಲ್ ಹತ್ತಿ ಹೋಗಿ ಒಂದು ಬಾಟಲಿ ತಂದು ಅವಳ ಕೈಗೆ ಕೊಟ್ಟ. “ನಿನ್ ಗಂಡನಿಗೆ ನೀನೇ ಬುದ್ಧಿ ಹೇಳು.”

ಅವಳ ಅಪ್ಪ ಕಕ್ಕಸುಗುಂಡಿ ಬಳಿಯುತ್ತಿದ್ದವನು. ಪ್ರತಿ ಸಲವೂ ಅವ್ವ ಲೋಟ ಹಿಡಿದು ಕುಡಿಸಿಯೇ ಅವನನ್ನು ಇಳಿಸುತ್ತಿದ್ದಳು, ಪ್ರತಿ ಸಲವೂ ಅಪ್ಪ ಮೇಲೆ ಬರುತ್ತಿದ್ದ. ಅವನನ್ನು ಕಾಯುವುದು ಆ ಲೋಟವೇ ಎಂದು ನಂಬಿ ಬೆಳೆದವಳು ಅವಳು. ಗಂಡನ ಗಲ್ಲ ಹಿಡಿದಳು.

“ಬೇಡ ಕಣೇ.”

“ಔಷಧಿ ಅನ್ಕೊಂಡು ನುಂಗು. ನಮ್ಮಪ್ಪನೂ ಹಿಂಗೇ ಇಳೀತಿದ್ದ.”

ಕಣ್ಣು ಮುಚ್ಚಿ ನುಂಗಿದ. ಕೆಮ್ಮಿದ. ನಕ್ಕ. “ಥೂ! ಇದನ್ನ ದುಡ್ಡು ಕೊಟ್ಟು ಕುಡೀತಾರಲ್ಲೇ!” ಎನ್ನುತ್ತ ಇಳಿದ. ಈ ಸಲ ವಾಸನೆ ಅವನನ್ನು ಮೇಲಕ್ಕೆ ಓಡಿಸಲಿಲ್ಲ; ಒಳಗಿನ ಗ್ಯಾಸು ಅವನನ್ನು ಅಲ್ಲೇ ಕೆಡವಿತು.

ಅತ್ತೆ ಆಗ ಹಾಸ್ಟೆಲಿನ ಮೇಲ್ಮಹಡಿಯಲ್ಲಿ ನೆಲ ಒರೆಸುತ್ತಿದ್ದಳು. ಹೊಟ್ಟೆಯಲ್ಲಿ ಹೆಂಡವಿತ್ತು ಎಂದು ಆಸ್ಪತ್ರೆಯವರು ಹೇಳಿದಾಗ ಅವರ ಮೇಲೇ ಬಿದ್ದಳು. “ನನ್ ಮಗ ಮುಟ್ಟಿದವನೇ ಅಲ್ಲ. ಯಾವನೋ ಹುಯ್ದವ್ನೆ. ಹುಯ್ದವನ ವಂಶ ಹಾಳಾಗ್ಲಿ!” ಅವತ್ತಿನಿಂದ ಪಾತ್ರೆ ಉಜ್ಜುತ್ತ ಅದೇ ಶಾಪ. ಸೊಸೆ ಪಕ್ಕದಲ್ಲಿ ಕೂತು ಕೇಳುತ್ತಿದ್ದಳು. ಸಂಜೆ ಅವಳಿಗೇ ಅನ್ನ ಬಡಿಸುತ್ತಿದ್ದಳು. “ನೀನಾದ್ರೂ ಇದ್ದೀಯಲ್ಲ ಮಗಳೇ” ಎಂದು ಅತ್ತೆ ತಲೆ ಸವರುವಾಗ ಅವಳು ತಟ್ಟೆ ಎತ್ತಿಕೊಂಡು ಎದ್ದುಬಿಡುತ್ತಿದ್ದಳು.

ಈಗ ಕಟ್ಟೆಯ ಬಳಿ ಮೇಸ್ತ್ರಿ ಕೆಳಗೆ ಬಗ್ಗಿ ಪಿಸುಗುಟ್ಟಿದ. “ಒತ್ತಲಿಲ್ಲ ಅಂದ್ರೆ ಯಾರು ಕುಡಿಸಿದ್ದು ಅಂತ ಮುದುಕಿಗೆ ಹೇಳ್ತೀನಿ. ಆಮೇಲೆ ನಿನ್ ಹಣೆಬರಹ.”

ಅವಳು ಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅಷ್ಟರಲ್ಲಿ ಕಮಿಟಿಯ ಕಾರುಗಳು ಬಂದವು. ಮೇಸ್ತ್ರಿ ಓಡಿಹೋಗಿ ಹಸಿರು ಕೋಟು ತಂದು ಅತ್ತೆ ಸೊಸೆ ಇಬ್ಬರಿಗೂ ತೊಡಿಸಿ ಅಡುಗೆಮನೆಯಲ್ಲಿ ನಿಲ್ಲಿಸಿದ. “ಸಂಜೆ ವಾಪಸ್ ಕೊಡಬೇಕು, ಕಲೆ ಮಾಡ್ಬೇಡಿ. ಬಾಯಿ ಮುಚ್ಕೊಂಡು ನಿಂತ್ಕೊಳ್ಳಿ.”

ಪ್ರಿನ್ಸಿಪಾಲರು ನಾಲ್ವರು ಅತಿಥಿಗಳನ್ನು ಅಡುಗೆಮನೆಗೆ ಕರೆತಂದರು. ಗುಂಡಿಯ ಬಾಯಿ ಬಿಡಿಸಿ ಮತ್ತೆ ಹೊತ್ತಿಸಿದ್ದ ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ನೀಲಿ ಉರಿ, ಹೊಗೆಯಿಲ್ಲ.

“ಪೂರ್ತಿ ಎಂಜಲಿಂದ ಬಂದ ಗ್ಯಾಸು. ಒಂದು ಪೈಸೆ ಇಂಧನ ಹೊರಗಿಂದಿಲ್ಲ.”

“ವಾಸನೆನೇ ಇಲ್ವಲ್ಲ!” ಎಂದರು ಒಬ್ಬರು ಅಮ್ಮಾವ್ರು. ಕನ್ನಡಕದವರೊಬ್ಬರು ಕೇಳಿದರು. “ಇಲ್ಲೇನೋ ಒಂದು ಸಾವಾಯ್ತಂತೆ?”

“ಛೆ, ಅದಾ ಸಾರ್? ಒಬ್ಬ ಕುಡುಕ. ನಾವು ಬೇಡ ಬೇಡ ಅಂದ್ರೂ ಇಳಿದುಬಿಟ್ಟ. ಅವನ ಮನೆಯವರೇ ಬರೆದುಕೊಟ್ಟಿದ್ದಾರೆ.”

ಅವಳು ಮುಂದೆ ಬಂದು ಒಲೆಯ ತಿರುಪು ತಿರುಗಿಸಿದಳು. ಉರಿ ಆರಿತು. ಕುದಿಯುತ್ತಿದ್ದ ಚಹಾದ ಸದ್ದಡಗಿತು.

“ನಾವು ಬರ್ಕೊಟ್ಟಿಲ್ಲ.”

“ಏಯ್!” ಮೇಸ್ತ್ರಿ ಅವಳ ರಟ್ಟೆಗೆ ಕೈ ಹಾಕಿದ.

“ಬಿಡೋ ನಾಯಿ! ಸ್ವಾಮಿ, ಅವ್ನು ಕುಡುಕ ಅಲ್ಲ. ಇಳಿಯಲ್ಲ ಅಂದ. ಬಾಟ್ಲಿ ತಂದಿದ್ದು ಈ ಮೇಸ್ತ್ರಿ.” ಅತ್ತೆಯ ಕಡೆ ತಿರುಗಿದಳು. “ಬಾಯಿಗೆ ಹುಯ್ದಿದ್ದು ನಾನು. ಅತ್ತೆ, ನಾನೇ ಹುಯ್ದೆ. ಬೇಡ ಅಂದ. ಗಲ್ಲ ಹಿಡಿದು ಹುಯ್ದೆ.”

ಮೊದಲು ಚೇತರಿಸಿಕೊಂಡವರು ಪ್ರಿನ್ಸಿಪಾಲರು. ಕೋಟಿನ ಸಂದಿಯಲ್ಲಿ ಇಣುಕುತ್ತಿದ್ದ ಕಾಗದವನ್ನು ಅವಳ ಸೊಂಟದಿಂದ ಕಿತ್ತು ಮುದುಕಿಗೆ ಚಾಚಿದರು. ದನಿ ಬೆಣ್ಣೆಯಂತಾಗಿತ್ತು. “ಕೇಳಿದ್ಯಲ್ಲಮ್ಮಾ? ನಿನ್ ಮಗನ್ನ ಕೊಂದಿದ್ದು ನಿನ್ ಸೊಸೇನೇ. ಇನ್ನು ಇವಳ್ಯಾಕೆ, ಹೆತ್ತವಳು ನೀನೇ ಒತ್ತು.”

ಅತ್ತೆ ಕಾಗದ ತೆಗೆದುಕೊಂಡಳು. ತಿರುವಿ ಮುರುವಿ ನೋಡಿದಳು.

“ಇದ್ರಲ್ಲಿ ನನ್ ಮಗನ್ನ ಏನಂತ ಬರ್ದವ್ರೆ?”

“ಕುಡ್ದಿದ್ದ ಅಂತ” ಎಂದ ಮೇಸ್ತ್ರಿ.

“ಇಳಿಸ್ದೋರು ಯಾರು ಅಂತ ಬರ್ದವ್ರಾ?”

ಅತ್ತೆ ಕಾಗದವನ್ನು ನಾಲ್ಕು ಚೂರು ಮಾಡಿ ಪ್ರಿನ್ಸಿಪಾಲರ ಬೂಟಿನ ಮೇಲೆ ಹಾಕಿದಳು. ಹಸಿರು ಕೋಟು ಬಿಚ್ಚಿ ಅದರ ಮೇಲೆ ಎಸೆದಳು. ಸೊಸೆಯ ಕಡೆ ಕಣ್ಣೆತ್ತಿಯೂ ನೋಡದೆ ಹಿತ್ತಲ ಬಾಗಿಲಿನಿಂದ ಹೊರಟುಹೋದಳು.

ಸೊಸೆ ಅವಳ ಹಿಂದೆಯೇ ಓಡಿದಳು. ಅತ್ತೆಯ ನಡಿಗೆ ಯಾವತ್ತೂ ಅಷ್ಟು ಬಿರುಸಾಗಿರಲಿಲ್ಲ. ಇವಳು ಮನೆ ಮುಟ್ಟುವಷ್ಟರಲ್ಲಿ ಬಾಗಿಲು ಹಾಕಿತ್ತು. ಇರುವುದು ಒಂದೇ ಕೋಣೆ, ಒಂದೇ ಬಾಗಿಲು. ತಳ್ಳಿ ನೋಡಿದಳು. ಒಳಗಿನಿಂದ ಅಗುಳಿ ಹಾಕಿದೆ, ಅತ್ತೆ ಅಳುವುದು ಕೇಳುತ್ತಿದೆ.

“ಅತ್ತೆ.”

ಒಳಗೆ ಅಳು ನಿಂತಿತು. ಅಷ್ಟೇ. ನೆರೆಯವರು ಒಬ್ಬೊಬ್ಬರಾಗಿ ಹೊರಗೆ ಬಂದು ನಿಂತರು. ಮಧ್ಯಾಹ್ನದ ಬಿಸಿಲು ಜಗಲಿಗೆ ನೇರ ಹೊಡೆಯುತ್ತಿತ್ತು. ಅವಳು ಮತ್ತೆ ಕೂಗಲಿಲ್ಲ, ತಟ್ಟಲೂ ಇಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಹಲಗೆಯ ಆಚೆ, ಅವಳ ಬೆನ್ನಿಗೆ ಸರಿಯಾಗಿ, ಅತ್ತೆ ಕುಸಿದು ಕೂತ ಭಾರಕ್ಕೆ ಬಾಗಿಲು ಒಮ್ಮೆ ಅಲುಗಿತು. ತೆರೆಯಲಿಲ್ಲ.