ದೇವಪುತ್ರನ ತುಟಿಗಳು

ಬದುಕಿರುವ ಮಗನಿಗಾಗಿ ಎರ್ಮೀನಿಯಮ್ಮ ಸೂತಕದ ಕರಿಬಟ್ಟೆ ತೊಟ್ಟ ದಿನ ರೋಮಿನ ತೆಸ್ತಾಚ್ಚೊ ಬಡಾವಣೆಯ ನಮ್ಮ ವಠಾರದಲ್ಲಿ ಯಾರೂ ನಗಲಿಲ್ಲ. ಮಗ ಉಲ್ದೆರೀಕೊನ ಫೋಟೋವನ್ನು ಅವಳು ಊಟದ ಮೇಜಿನ ಗೋಡೆಯಿಂದ ಇಳಿಸಿ, ಉಡುಪಿನ ಅಂಚಿನಿಂದ ಒರೆಸಿ, ಮೇರಿಮಾತೆಯ ಕೆಂಪು ದೀಪದ ಕೆಳಗೆ, ಸತ್ತವರ ಸಾಲಿನಲ್ಲಿ ಇಟ್ಟಳು. ಆ ಸಾಲಿನಲ್ಲಿ ಮೊದಲೇ ಗಂಡನಿದ್ದ, ಸಾನ್ ಲೊರೆಂಜೊ ಬಡಾವಣೆಯ ಮೇಲೆ ಬಾಂಬು ಬಿದ್ದಾಗ ಸತ್ತ ತಂಗಿಯಿದ್ದಳು. ಆ ಬಾಂಬು ಎರ್ಮೀನಿಯಮ್ಮನ ಕಿವಿಯನ್ನೂ ತೆಗೆದುಕೊಂಡು ಹೋಗಿತ್ತು. ಅಂದಿನಿಂದ ಅವಳು ಜನರ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದಳು. ಅಂಗಳದ ಆಚೆ ಬದಿಯ ಕಿಟಕಿಯಲ್ಲಿ ಗಂಡಹೆಂಡಿರು ಪಿಸುಗುಟ್ಟಿ ಜಗಳವಾಡಿದರೂ ಅದರ ವರದಿ ಅವಳ ಬಳಿ ಇರುತ್ತಿತ್ತು.

ಕಾರಣವಾದದ್ದು ಒಂದು ಸಿನಿಮಾ ಪತ್ರಿಕೆ. ಕೆಳಮನೆಯ ನೂಂಚ್ಯಾತಾ ಅದನ್ನು ತುಟಿ ಬಿಡಿಸಿ ಬಿಡಿಸಿ ಓದಿ ಹೇಳಿದ್ದಳು: "ಟೆಕ್ಸಾಸಿನ ದನದ ಬಯಲಲ್ಲಿ ಬೆಳೆದ, ತಂದೆ ತಾಯಿ ಇಲ್ಲದ ಅನಾಥ, ಬಕ್ ಹಾರ್ಲೋ."

ಬಕ್ ಹಾರ್ಲೋ ಅಂದರೆ ನಮ್ಮ ಉಲ್ದೆರೀಕೊ. ಕಸಾಯಿಖಾನೆಯಲ್ಲಿ ಎತ್ತಿನ ತೊಡೆಗಳನ್ನು ಹೆಗಲ ಮೇಲೆ ಹೊರುತ್ತಿದ್ದವನು.

"ನಾನಂತೂ ಸತ್ತಿಲ್ಲ," ಅಂದಳು ಎರ್ಮೀನಿಯಮ್ಮ, ಕಿವುಡರ ಆ ದೊಡ್ಡ ದನಿಯಲ್ಲಿ. "ಹಾಗಾದ್ರೆ ಅವನೇ ಸತ್ತಿರ್ಬೇಕು."

ನಾನು ಅವರ ನೆರೆಮನೆಯವಳು, ತುಸ್ಕೊಲಾನಾ ರಸ್ತೆಯ ಸಿನಿಮಾ ಸ್ಟುಡಿಯೋದಲ್ಲಿ ಗಡ್ಡ ಮೀಸೆ ಅಂಟಿಸುವವಳು. ಪುರಾಣದ ಚಿತ್ರಗಳ ಸುಗ್ಗಿ ಅದು. ಒಂದು ಅಂಗಳದಲ್ಲಿ ಟ್ರಾಯ್ ಉರಿಯುತ್ತಿದ್ದರೆ ಪಕ್ಕದಲ್ಲಿ ಹಲಗೆಯ ಥೀಬ್ಸ್‌ಗೆ ಬಣ್ಣ ಬಳಿಯುತ್ತಿದ್ದರು. ಉಲ್ದೆರೀಕೊನ ಭುಜ ನೋಡಿ ಎತ್ತಿಕೊಂಡು ಹೋದ ನಿರ್ಮಾಪಕ ಅವನಿಗೆ ಅಮೆರಿಕದ ಹೆಸರಿಟ್ಟ. ಅಮೆರಿಕದವನಾದರೆ ಮಾತ್ರ ಜನ ಪುರಾಣದ ದೇವಪುತ್ರನೆಂದು ನಂಬುತ್ತಾರಂತೆ. ರೋಮಿನ ಕೂಲಿಯವನ ಮೈಯಲ್ಲಿ ದೇವರು ಬರುವುದಿಲ್ಲವಂತೆ. ಹೋಟೆಲಿನಲ್ಲೇ ಇರಬೇಕು, ತೆಸ್ತಾಚ್ಚೊ ಕಡೆ ಕಾಲಿಡಬಾರದು, ಹೊರಗೆ ನಮ್ಮ ಭಾಷೆಯ ಒಂದು ಪದವನ್ನೂ ಆಡಬಾರದು ಎಂದು ಕರಾರು. ಬಾಯಿ ತೆರೆದರೆ ಮುಂದಿನ ಚಿತ್ರವಿಲ್ಲ, ಕಸಾಯಿಖಾನೆಯ ಬಾಗಿಲೂ ಅವನಿಗೆ ಮುಚ್ಚುವಂತೆ ನೋಡಿಕೊಳ್ಳುತ್ತೇವೆ ಎಂದಿದ್ದರು. ಕಾಯಲು ವಾನ್ನುಚ್ಚಿ ಎಂಬ ಬಿಳಿ ಸೂಟಿನವನನ್ನು ಬೆನ್ನಿಗೆ ಬಿಟ್ಟಿದ್ದರು.

ಗಡ್ಡ ಅಂಟಿಸುವಾಗ ಮಾತ್ರ ಅವನು ನಮ್ಮವನು. ಅಷ್ಟು ಹತ್ತಿರದ ಪಿಸುಮಾತು ವಾನ್ನುಚ್ಚಿಗೆ ಕೇಳುತ್ತಿರಲಿಲ್ಲ.

"ನಿನ್ನ ಫೋಟೋ ದೀಪದ ಕೆಳಗೆ ಹೋಯ್ತು ಕಣೋ," ಅಂದೆ.

ಗೋಂದು ಇನ್ನೂ ಹಸಿಯಾಗಿತ್ತು. ಅವನ ಗದ್ದ ನಡುಗಿದ್ದಕ್ಕೆ ಗಡ್ಡ ಓರೆಯಾಯಿತು.

"ನೀನೇ ಹೇಳಕ್ಕಾ ಅಮ್ಮಂಗೆ. ನಾನಲ್ಲ ಹಂಗೆ ಬರೆಸಿದ್ದು, ಇವರು ಅಂತ."

"ಹೇಳ್ದೆ. 'ಬದುಕಿರೋನು ತನ್ನ ಬಾಯಲ್ಲೇ ಹೇಳ್ತಾನೆ, ನಿನ್ನ ಬಾಯಲ್ಲಿ ಹೇಳ್ಸೋದು ದೆವ್ವ' ಅಂದ್ಲು."

ಅವನು ಕನ್ನಡಿ ನೋಡಿದ. ಮೈಗೆ ಎಣ್ಣೆ ಹಚ್ಚಿದ್ದರು, ಬೆಟ್ಟದಂತೆ ಹೊಳೆಯುತ್ತಿದ್ದ. ಅಷ್ಟು ದೊಡ್ಡ ದೇಹದೊಳಗೆ ಒಬ್ಬನೇ ಒಬ್ಬ ಕೂತಿದ್ದಂತೆ ಕಂಡಿತು.

"ಅಕ್ಕಾ, ಮೀಸೆ ಕತ್ತರಿಸು," ಅಂದ. "ತುಟಿ ಪೂರ್ತಿ ಕಾಣ್ಬೇಕು."

ನನಗೆ ಅರ್ಥವಾಯಿತು. ನಮ್ಮ ಚಿತ್ರಗಳಲ್ಲಿ ಚಿತ್ರೀಕರಣದ ಹೊತ್ತಿಗೆ ದನಿ ಹಿಡಿಯುತ್ತಿರಲಿಲ್ಲ. ಬಾಯಿ ಆಡಿದರೆ ಸಾಕು. ಡೆನ್ಮಾರ್ಕಿನಿಂದ ಬಂದ ರಾಣಿ ತನ್ನ ಭಾಷೆಯಲ್ಲಿ ಏನೋ ಅನ್ನುತ್ತಿದ್ದಳು, ದುಷ್ಟರಾಜ ಟ್ರಾಮಿನ ನಿಲ್ದಾಣಗಳ ಹೆಸರು ಹೇಳಿಕೊಳ್ಳುತ್ತಿದ್ದ, ಉಲ್ದೆರೀಕೊ ಒಂದು ಎರಡು ಮೂರು ಎಣಿಸುತ್ತಿದ್ದ. ಆಮೇಲೆ ಯಾವನೋ ರೇಡಿಯೋ ನಟ ಕತ್ತಲ ಕೋಣೆಯಲ್ಲಿ ಕೂತು ಅದರ ಮೇಲೆ ಗಂಭೀರ ಮಾತು ಹೊದಿಸುತ್ತಿದ್ದ. ಗುಲಾಮರ ಬಿಡುಗಡೆಯ ಕಥೆಯನ್ನು ಇವರು ತೆಗೆಯುತ್ತಿದ್ದದ್ದು ನಮ್ಮ ಬಾಯಿ ಹೊಲಿದು. ಗುಲಾಮರಾಗಿ ನಿಲ್ಲಿಸಿದ್ದು ಕಂಬಗಳ ಮೇಲೆ ಹಾಯುವ ಹಳೆಯ ನೀರುಗಾಲುವೆಯ ಕಮಾನುಗಳಡಿ ಗುಡಿಸಲು ಹಾಕಿಕೊಂಡ, ಕೆಲಸ ಹುಡುಕಿ ದಕ್ಷಿಣದಿಂದ ಬಂದ ಜನರನ್ನು. ಅವರ ಬರಿಗಾಲಿಗೆ ವೇಷವೇ ಬೇಕಿರಲಿಲ್ಲ.

ನಾನು ಕತ್ತರಿ ಆಡಿಸಿದೆ.

"ಏಯ್ ಓರ್ಸೊಲಾ," ನಿರ್ದೇಶಕ ಕಿರುಚಿದ, "ನಿನ್ನೆ ಮೀಸೆ ಪೊದೆ ಥರ ಇತ್ತಲ್ಲೇ! ಎಲ್ಲಿ ಹೋಯ್ತು?"

"ದೇವರ ಮಗನಾದ್ರೂ ಕೂದಲು ಉದುರುತ್ತೆ ಸ್ವಾಮಿ. ನಿಮ್ಮ ತಲೆನೇ ನೋಡ್ಕೊಳ್ಳಿ."

ಲೈಟಿನವರು ನಕ್ಕುಬಿಟ್ಟರು. ಬಿಸಿಲು ಇಳಿಯುತ್ತಿತ್ತು. ನಿರ್ದೇಶಕ ಬೈದು ಕ್ಯಾಮೆರಾ ಕಡೆ ತಿರುಗಿದ.

ಉಲ್ದೆರೀಕೊನನ್ನು ಎರಡು ಕಂಬಗಳ ನಡುವೆ ಸರಪಳಿಯಲ್ಲಿ ಕಟ್ಟಿದರು. ಕ್ಯಾಮೆರಾ ಮುಖದ ಹತ್ತಿರ ಬಂತು. ದೇವಪುತ್ರ ಆಕಾಶದಲ್ಲಿರುವ ತಂದೆಯನ್ನು ಕರೆದು ಬಲ ಬೇಡುವ ದೃಶ್ಯ. ಅವನು ಕ್ಯಾಮೆರಾ ನೋಡಿ, ಎರ್ಮೀನಿಯಮ್ಮನೊಡನೆ ಮಾತಾಡುವಾಗ ನಾವೆಲ್ಲ ಮಾಡುವಂತೆ, ದನಿ ತೆಗೆಯದೆ, ತುಟಿ ಬಿಡಿಸಿ ನಿಧಾನ ಹೇಳಿದ:

"ಅಮ್ಮಾ, ನಾನು ಉಲ್ದೆ. ಸತ್ತಿಲ್ಲ. ಇವರು ಬಿಡ್ತಿಲ್ಲ. ದೀಪದ ಕೆಳಗಿಂದ ನನ್ನ ತೆಗಿ. ಭಾನುವಾರ ಬರ್ತೀನಿ, ಎತ್ತಿನ ಬಾಲದ ಸಾರು ಮಾಡಿಡು."

ವಾನ್ನುಚ್ಚಿ ತಲೆ ಎತ್ತಿದ. "ಏನಂತೆ ಇವನದು?"

"ಎಣಿಸಿ ಎಣಿಸಿ ಬೇಜಾರಾಗಿರ್ಬೇಕು," ಅಂದೆ.

"ಬಾಯಿ ಚೆನ್ನಾಗಿ ಆಡ್ತು, ಆಯ್ತು, ಮುಂದಿಂದು!" ಅಂದ ನಿರ್ದೇಶಕ. ಗುಲಾಮರ ಸಾಲಿನಲ್ಲಿ ಒಬ್ಬ ಮುದುಕ ಮಾತ್ರ ತಲೆ ತಗ್ಗಿಸಿ ಶಿಲುಬೆಯ ಗುರುತು ಮಾಡಿಕೊಂಡ.

ಅದಾದ ಕೂಡಲೇ ಉಲ್ದೆರೀಕೊನನ್ನು ಇನ್ನೊಂದು ಚಿತ್ರಕ್ಕೆಂದು ಯುಗೊಸ್ಲಾವಿಯಕ್ಕೆ ಕಳಿಸಿದರು. ಭಾನುವಾರಗಳು ಬಂದವು, ಹೋದವು. ಎರ್ಮೀನಿಯಮ್ಮನಿಗೆ ನಾನೇನೂ ಹೇಳಲಿಲ್ಲ. ಅವಳು ನಂಬುವುದು ಅವನ ಬಾಯನ್ನು ಮಾತ್ರ.

ಚಿತ್ರ ದೊಡ್ಡ ಥಿಯೇಟರುಗಳನ್ನೆಲ್ಲ ಸುತ್ತಿ, ಗೀರು ಬಿದ್ದು, ನಮ್ಮ ಬಡಾವಣೆಯ ಅಗ್ಗದ ಥಿಯೇಟರಿಗೆ ಬರುವಷ್ಟರಲ್ಲಿ ಚಳಿಗಾಲ. ಎರ್ಮೀನಿಯಮ್ಮನನ್ನು ಬಲವಂತದಿಂದ ಹೊರಡಿಸಿದೆ. ಕರಿಬಟ್ಟೆಯಲ್ಲೇ ಬಂದಳು. ಮಧ್ಯಾಹ್ನದ ಆಟ. ಕಸಾಯಿಖಾನೆಯ ಹುಡುಗರು ಉಪ್ಪುನೀರಲ್ಲಿ ನೆನೆಸಿದ ಕಾಳು ತಿಂದು ಸಿಪ್ಪೆ ಉಗಿಯುತ್ತಿದ್ದರು.

"ನೋಡ್ರಲೇ ಟೆಕ್ಸಾಸಿನೋನು!" ಒಬ್ಬ ಕೂಗಿದ. "ಲೇ ಬಕ್ಕು, ಬೆನ್ನಿಗೆ ಎಣ್ಣೆ ಹಚ್ಚೋಕೂ ಆಳು ಇಟ್ಕೊಂಡಿದೀಯಾ?"

"ಹಂದಿಗಳಾ, ಅವನ ತಾಯಿ ಕೂತವ್ಳೆ!" ಎಂದು ಇನ್ನೊಬ್ಬ ಬೈದ.

ಎರ್ಮೀನಿಯಮ್ಮ ಕೈಕಟ್ಟಿ ಕೂತಿದ್ದಳು. ಅವನು ಸಿಂಹದ ಜೊತೆ ಹೊಡೆದಾಡಿದ. "ಎಣಿಸ್ತಾವ್ನೆ," ಅಂದಳು. ಅವನು ರಾಣಿಗೆ ಪ್ರೀತಿ ಹೇಳಿದ. ಹಿಂದಿನ ಸಾಲಿನ ಹೆಂಗಸರು ಮೂಗು ಸೀಟಿದರು. "ಮೂವತ್ತಾಯ್ತು," ಅಂದಳು.

ಆಮೇಲೆ ಕಂಬ, ಸರಪಳಿ, ಮುಖ. ಬಿಷಪ್ಪನಂಥ ಯಾರದೋ ದನಿ ಥಿಯೇಟರ್ ತುಂಬ ಮೊಳಗಿತು: "ಓ ಮೇಘಗಳ ಒಡೆಯಾ, ನಿನ್ನ ಮಗನ ತೋಳಿಗೆ ಸಿಡಿಲನ್ನು ಕರುಣಿಸು!" ಎಲ್ಲರೂ ಕೇಳಿದ್ದು ಅದನ್ನೇ. ತುಟಿ ಆಡುತ್ತಿದ್ದದ್ದು ಬೇರೆ. ಹೆಸರು ತೆಗೆದುಕೊಂಡರು, ದನಿ ತೆಗೆದುಕೊಂಡರು, ತಾಯಿಯನ್ನೂ ಅಳಿಸಿದರು. ಈ ತುಟಿಯೊಂದನ್ನು ಮರೆತಿದ್ದರು.

ಎರ್ಮೀನಿಯಮ್ಮ ಎದ್ದು ನಿಂತಳು. ಅವಳ ನೆರಳು ಪರದೆಯ ಕೆಳಗಂಚಿಗೆ ಬಿತ್ತು.

"ಯಾವ ಭಾನುವಾರನೋ?" ಎಂದು ಕೂಗಿದಳು.

ಪರದೆಯ ಮೇಲೆ ಅವನು ಕಂಬ ಎಳೆದ. ದೇವಾಲಯ ಕುಸಿಯಿತು. ಗುಡಿಸಲಿನ ಜನ ಬಿಡುಗಡೆಯಾಗಿ ಕೈ ಮೇಲೆತ್ತಿ ಓಡಿದರು.

"ಲೇ ಉಲ್ದೇ! ಯಾವ ಭಾನುವಾರ?"

ಯಾರೂ ನಗಲಿಲ್ಲ. ಒಮ್ಮೆ ಒಳಗೆ ಬಂದರೆ ಮುಂದಿನ ಆಟಕ್ಕೂ ಕೂರಬಹುದಿತ್ತು. ಕೂತೆವು. ಸಿಂಹ ಬಂತು, ರಾಣಿ ಬಂದಳು, ಅವನು ಬಂದ. ಅದೇ ತುಟಿ, ಅದೇ ಭಾನುವಾರ. ಅವಳು ಈ ಸಲ ಮೆತ್ತಗೆ, ಬಹುಶಃ ತನಗೂ ತಿಳಿಯದಂತೆ, ಮತ್ತೆ ಕೇಳಿದಳು.

ಮನೆಗೆ ಬಂದವಳೇ ದೀಪದ ಕೆಳಗಿಂದ ಫೋಟೋ ತೆಗೆದಳು. ಊಟದ ಮೇಜಿನ ಗೋಡೆಯ ಮೊಳೆಗೆ ಹಾಕಲು ಕೈ ಎತ್ತಿ, ಅಷ್ಟಕ್ಕೇ ನಿಂತಳು. ನಾನು ನೋಡುತ್ತಿದ್ದೆ.

"ಸತ್ತಿಲ್ಲ, ನಿಜ," ಅಂದಳು. "ಬಂದೂ ಇಲ್ವಲ್ಲ ಓರ್ಸೊಲಾ."

ಫೋಟೋವನ್ನು ಕರಿಬಟ್ಟೆಯ ಜೇಬಿಗೆ ಹಾಕಿಕೊಂಡಳು.

ಆ ಭಾನುವಾರ ಬೆಳಗಿನಿಂದ ಎತ್ತಿನ ಬಾಲ ಬೇಯುವ ವಾಸನೆ ಮೆಟ್ಟಿಲ ತುಂಬ ಹರಡಿತ್ತು. ಎರಡು ತಟ್ಟೆ ಇಟ್ಟಿದ್ದಳು. ಸಂಜೆ ನನ್ನ ಬಾಗಿಲು ತಟ್ಟಿದಳು, ಕೋಟು ಹಾಕಿಕೊಂಡು.

"ಆ ಚಿತ್ರ ಈಗ ಯಾವ ಥಿಯೇಟರಿಗೆ ಹೋಗಿದೆ?"

"ಗಾರ್ಬಾತೆಲ್ಲಾ ಬಡಾವಣೆಯಲ್ಲಿದೆಯಂತೆ. ಯಾಕಮ್ಮಾ?"

"ಇವತ್ತೇನಾದ್ರೂ ಬೇರೆ ಹೇಳ್ತಾನೇನೋ," ಅಂದಳು. "ನಡಿ, ಟ್ರಾಮ್ ಹೊರಟುಹೋಗುತ್ತೆ."