ತೋಡಿಯ ಗಾಂಧಾರ

ಶಿರಸಿ, ಸಿದ್ದಾಪುರ, ಯಲ್ಲಾಪುರ, ಈ ಮೂರು ತಾಲೂಕುಗಳಲ್ಲಿ ಸಂಗೀತ ಗೊತ್ತಿಲ್ಲದವರನ್ನು ಯಾರಾದರೂ ಹುಡುಕಿಕೊಡಿ ನೋಡೋಣ. ಹಾಡುವವರು ನಾಲ್ಕಾರು ಮಂದಿ ಇದ್ದಾರು, ತಪ್ಪು ಹಿಡಿಯುವವರು ಮಾತ್ರ ಮನೆಮನೆಯಲ್ಲೂ ಇದ್ದಾರೆ. ಕಛೇರಿ ಮುಗಿದು ಕಷಾಯದ ಲೋಟ ಕೈಗೆ ಬರುವಷ್ಟರಲ್ಲಿ ಕಲಾವಿದನ ನಿಷಾದ, ಅವನ ಗುರುವಿನ ನಿಷಾದ, ಆ ಗುರುವಿನ ಸೋದರಮಾವನ ನಿಷಾದ ಎಲ್ಲವೂ ಇತ್ಯರ್ಥವಾಗಿರುತ್ತದೆ. ಚೆನ್ನಾಗಿತ್ತು ಅಂದುಬಿಟ್ಟರೆ ಅಂದವನಿಗೆ ಸಂಗೀತ ತಿಳಿಯದು ಎಂದು ಅರ್ಥ. ಇಂಥ ಪಂಡಿತರ ನಡುವೆ ಕಾನಸೂರಿನ ಕಮಲಾಕರ ಹೆಗಡೆ ಕ್ಲಾರಿನೆಟ್ ಕೈಗೆತ್ತಿಕೊಂಡದ್ದು ಅವನ ಗ್ರಹಚಾರ.

ಕಮಲಾಕರನಿಗೆ ಕಾನಸೂರು ಪೇಟೆಯಲ್ಲಿ ಪಂಪ್‌ಸೆಟ್ಟು ಮತ್ತು ಪೈಪಿನ ಅಂಗಡಿ. ಹಗಲೆಲ್ಲ ಪೈಪು ಮಾರಿ ಬೆಳಗಾದರೆ ಪೈಪು ಊದುತ್ತಾನೆಂದು ಊರವರು ಆಡಿಕೊಂಡು ನಕ್ಕದ್ದು ಹಳೆಯ ಮಾತು. ಅವನು ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳುವವನಲ್ಲ. ಅವನ ಕಿವಿಯಲ್ಲಿ ಜಾಗವೂ ಇರಲಿಲ್ಲ. ಅಲ್ಲಿ ಕೆಲವು ವರ್ಷಗಳಿಂದ ಒಂದೇ ಒಂದು ಸ್ವರ ಕಾಲು ಚಾಚಿಕೊಂಡು ಕೂತಿತ್ತು. ಅದು ತೋಡಿಯ ಗಾಂಧಾರ.

ತೋಡಿ ಬೆಳಗಿನ ರಾಗ. ಅದರ ಗಾಂಧಾರ ಉಳಿದ ರಾಗಗಳ ಕೋಮಲ ಗಾಂಧಾರದ ಹಾಗಲ್ಲ, ಅದಕ್ಕಿಂತ ಒಂದೆಳೆ ಕೆಳಗೆ ನಿಲ್ಲುತ್ತದೆ. ಹಾರ್ಮೋನಿಯಂನಲ್ಲಿ ಅದಕ್ಕೆ ಪಟ್ಟಿಯೇ ಇಲ್ಲ, ಕರಿ ಪಟ್ಟಿಗೂ ಬಿಳಿ ಪಟ್ಟಿಗೂ ನಡುವಿನ ಸಂದಿಯಲ್ಲಿ ಎಲ್ಲೋ ಅವಿತುಕೊಂಡಿದೆ. ಹಾಡುವವರ ಗಂಟಲು ಅಲ್ಲಿಗೆ ಜಾರಿಕೊಂಡು ಹೋಗಬಹುದು. ಕ್ಲಾರಿನೆಟ್ ಪಾಪದ ತೂತಿನ ವಾದ್ಯ. ಯಾವ ತೂತು ಮುಚ್ಚಿದರೆ ಯಾವ ಸ್ವರ ಎಂದು ಅದನ್ನು ಮಾಡಿದ ಫ್ರಾನ್ಸಿನವನೋ ಜರ್ಮನಿಯವನೋ ಮೊದಲೇ ತೀರ್ಮಾನಿಸಿ ಕಳಿಸಿದ್ದಾನೆ. ಅವನಿಗೆ ತೋಡಿ ಗೊತ್ತಿರಲಿಲ್ಲ. ಆ ಒಂದೆಳೆಯನ್ನು ಇಳಿಸಿಕೊಳ್ಳಲು ಕಮಲಾಕರ ಪಟ್ಟ ಪಾಡು ಅಷ್ಟಿಷ್ಟಲ್ಲ.

ಕೊನೆಗೂ ಸಿಕ್ಕಿತು. ಸಿಕ್ಕಿದ ಮೇಲೆ ಅವನು ಎಲ್ಲರ ಬಳಿ, "ಇದೆಲ್ಲ ತುಟಿದು, ಉಸಿರಿಂದು. ಸಾಧನೆ ಮಾಡವು" ಎಂದು ಎದೆಯುಬ್ಬಿಸಿ ಹೇಳಿಕೊಂಡ. ನಿಜ ಸಂಗತಿ ಏನೆಂದರೆ ಅದು ಮೇಣದ್ದು. ಯಲ್ಲಾಪುರದ ಕಡೆ ಕಾಡಿನಲ್ಲಿ ಜೇನು ಕೀಳುವವರಿಂದ ತಂದ ಮೇಣವನ್ನು ಉಗುರಲ್ಲಿ ತೆಗೆದು, ಗಾಂಧಾರದ ತೂತಿನ ಒಳಅಂಚಿಗೆ ಹದವಾಗಿ ಹಚ್ಚಿ, ತೂತನ್ನು ಕೊಂಚ ಕಿರಿದು ಮಾಡುತ್ತಿದ್ದ. ತೂತು ಕಿರಿದಾದರೆ ಸ್ವರ ಇಳಿಯುತ್ತದೆ. ತುಟಿ ಉಳಿದ ಚೂರುಪಾರನ್ನು ನೋಡಿಕೊಳ್ಳುತ್ತಿತ್ತು ಅಷ್ಟೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ತೂತು ಬಿದ್ದ ಪೈಪಿಗೆ ಪೇಸ್ಟು ಮೆತ್ತುವ ಅಂಗಡಿಯವನು ರಾಗಕ್ಕೂ ಮೆತ್ತಿದ ಅಂತ ಜನ ಅಂದುಬಿಟ್ಟರೆ? ಹಾಗಾಗಿ ಬಾಗಿಲು ಹಾಕಿಕೊಂಡು ಹಚ್ಚುತ್ತಿದ್ದ. ಹೆಂಡತಿ ಸೀತೆಗೂ ಹೇಳಿರಲಿಲ್ಲ.

ಇಷ್ಟು ಕಷ್ಟಪಟ್ಟು ತಂದ ಗಾಂಧಾರಕ್ಕೆ ಮೂರು ತಾಲೂಕು ಕೊಟ್ಟ ಹೆಸರು ಒಂದೇ: ಅಪಸ್ವರ. ಶಿರಸಿಯಲ್ಲಿ ಒಮ್ಮೆ ನುಡಿಸಿದಾಗ ಮುಂದಿನ ಸಾಲಿನವರು ಹಲ್ಲುನೋವು ಬಂದವರಂತೆ ಕೆನ್ನೆ ಹಿಡಿದುಕೊಂಡರು. ಸಾಥಿಗೆ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವ ರಾಘು ಭಟ್ಟನಂತೂ ಮುಖಕ್ಕೇ ಹೇಳಿದ.

"ಕಮಲಾಕರಣ್ಣ, ಪೇಟಿಲಿ ಇಲ್ಲದ್ದ ಸ್ವರ ಬಾರ್ಸಿರೆ ಜನ ಎಂತ ಹೇಳವು? ನಿಂಗೆ ಬತ್ತಿಲ್ಲೆ ಹೇಳ್ತ."

"ಪೇಟಿಲಿ ಇಲ್ಲೆ ಅಂದ್ರೆ ತಪ್ಪು ಪೇಟಿದು, ರಾಗದ್ದಲ್ಲ."

"ಹಾಂಗಾರೆ ನೀ ಒಬ್ಬನೇ ಸರಿ. ಆತು."

ಕಮಲಾಕರನಿಗೆ ಇವರೆಲ್ಲರ ಮಾತಿಗಿಂತ ಚುಚ್ಚುತ್ತಿದ್ದದ್ದು ಸೀತೆಯ ಮೌನ. ಅವಳ ತವರು ಮನೆಯಲ್ಲಿ ಹಾಡದವರೇ ಇರಲಿಲ್ಲ. ಅವಳ ಕಿವಿ ಎಷ್ಟು ಚುರುಕೆಂದರೆ ರೇಡಿಯೋದಲ್ಲಿ ತಂಬೂರಿಯ ಒಂದು ತಂತಿ ಸಡಿಲವಾಗಿದ್ದರೂ ಒಗ್ಗರಣೆ ಹಾಕುತ್ತಲೇ ಹೇಳಿಬಿಡುತ್ತಿದ್ದಳು. ಅಂಥವಳು ಗಂಡನ ಗಾಂಧಾರದ ಬಗ್ಗೆ ಇಷ್ಟು ವರ್ಷದಲ್ಲಿ ಒಂದು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಊರು ಒಪ್ಪದಿದ್ದರೆ ಬೇಡ, ಸೀತೆ ಒಮ್ಮೆ ಹೌದು ಅಂದರೆ ಸಾಕು ಎಂದು ಅವನಿಗೆ ಒಳಗೊಳಗೇ ಆಸೆ. ಬಾಯಿಬಿಟ್ಟು ಕೇಳುವುದಕ್ಕೆ ಮಾನ ಅಡ್ಡ ಬರುತ್ತಿತ್ತು.

ಅಷ್ಟರಲ್ಲಿ ಯಲ್ಲಾಪುರದ ಸಂಗೀತ ಮಂಡಳಿಯಿಂದ ಕರೆ ಬಂತು. ಭಾನುವಾರದ ಬೆಳಗಿನ ಕಛೇರಿ, ಮೊಬೈಲಿನಲ್ಲಿ ನೇರಪ್ರಸಾರ ಬೇರೆ. ಮಂಡಳಿಯ ಅಧ್ಯಕ್ಷ ಉಲ್ಲಾಸ, ಫೋನಿನಲ್ಲಿ ಪ್ರೀತಿಯಿಂದಲೇ, "ಗಾಂಧಾರ ಒಂದು ಹದಕ್ಕೆ ತಗಂಡು ಬಾ ಕಮಲಾಕರಣ್ಣ" ಎಂದ. ತೋಡಿಯನ್ನೇ ನುಡಿಸುತ್ತೇನೆ, ಸೀತೆಯನ್ನೂ ಕರೆದುಕೊಂಡು ಹೋಗುತ್ತೇನೆ, ಆ ಒಂದು ಸ್ವರದ ಮೇಲೆ ನಿಂತುಬಿಡುತ್ತೇನೆ, ಏನಾಗುತ್ತದೋ ಆಗಲಿ ಎಂದು ಕಮಲಾಕರ ಹಠ ಹಿಡಿದ.

ಶನಿವಾರ ಮಧ್ಯಾಹ್ನ ಅವನು ಮೇಣ ಹಚ್ಚಿದ. ಅಂಥ ಹದ ಅವನಿಗೂ ಹಿಂದೆಂದೂ ಸಿಕ್ಕಿರಲಿಲ್ಲ. ಒಂದೇ ಸಲ ಊದಿ ನೋಡಿ, ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟ. ಇನ್ನು ವೇದಿಕೆಯ ಮೇಲೆಯೇ ಊದುವುದು, ಅದಕ್ಕೆ ಮೊದಲು ಗಾಂಧಾರವನ್ನು ಬಾಯಿಗೆ ತಂದರೆ ಅದು ಹಳಸುತ್ತದೆ ಎಂಬುದು ಅವನು ತಾನೇ ಮಾಡಿಕೊಂಡ ಮಡಿ. ಆಮೇಲೆ ಕ್ಷೌರಕ್ಕೆಂದು ಪೇಟೆಗೆ ಹೋದ.

ಸೀತೆಗೆ ಸಂಭ್ರಮ. ಗಂಡ ಎಲ್ಲ ಊರಿನ ಮೊಬೈಲುಗಳಲ್ಲಿ ಕಾಣಿಸುವವನು, ವಾದ್ಯ ಮಾಸಿಕೊಂಡಿದ್ದರೆ ನೋಡಿದವರು ಯಾರನ್ನು ಆಡಿಕೊಳ್ಳುತ್ತಾರೆ? ಮನೆಯ ಹೆಂಗಸನ್ನೇ. ಪೆಟ್ಟಿಗೆ ತೆರೆದಳು. ದೇವರ ಸಾಮಾನು ಬೆಳಗುವಷ್ಟೇ ಭಕ್ತಿಯಿಂದ ಕ್ಲಾರಿನೆಟ್ಟಿನ ಬೆಳ್ಳಿ ಬಣ್ಣದ ಕೀಲಿಗಳನ್ನು ಒರೆಸಿದಳು. ಮರಕ್ಕೆ ನೀರು ತಾಗಬಾರದೆಂಬ ತಿಳಿವಳಿಕೆ ಅವಳಿಗಿತ್ತು. ಅದಕ್ಕೇ ಬೆಚ್ಚಗಿನ ಕೊಬ್ಬರಿ ಎಣ್ಣೆಯಲ್ಲಿ ಬಟ್ಟೆ ಅದ್ದಿ ತಿಕ್ಕಿದಳು. ಒಂದು ತೂತಿನೊಳಗೆ ಹಳದಿಯದೇನೋ ಕೊಳೆ ಕೂತಿತ್ತು. ಊದುಬತ್ತಿಯ ಕಡ್ಡಿಯಿಂದ ಅದನ್ನು ಕೆರೆದು ತೆಗೆದು, ಅಬ್ಬ, ಎಷ್ಟು ದಿನದ್ದೋ ಎಂದುಕೊಂಡು ಒಲೆಗೆ ಹಾಕಿದಳು. ವೇದಿಕೆಯ ಮೇಲೆ ಫಳಫಳ ಹೊಳೆಯುವಾಗ ತಾನಾಗಿಯೇ ಕಾಣಲಿ ಎಂದು ಗಂಡನಿಗೆ ಹೇಳಲಿಲ್ಲ. ಮಾರನೇ ದಿನ ಸಭಾಭವನದ ಹಿಂದಿನ ಕೋಣೆಯಲ್ಲಿ ಅವನು ವಾದ್ಯ ಜೋಡಿಸಿ ಷಡ್ಜ, ಪಂಚಮ ಎರಡನ್ನೇ ಊದಿದ. ಎರಡೂ ಸರಿಯಾಗಿದ್ದವು. ವಾದ್ಯ ಹೊಳೆಯುತ್ತಿರುವುದನ್ನು ಕಂಡರೂ ಹೊರಗಿನ ಬೆಳಕಿಗಿರಬೇಕು ಎಂದುಕೊಂಡ. ಅವನ ಮನಸ್ಸೆಲ್ಲ ಗಾಂಧಾರದ ಮೇಲಿತ್ತು.

ಆಲಾಪ ಶುರುವಾಯಿತು. ಕಮಲಾಕರ ಕೆಳಗಿನ ಧೈವತ, ನಿಷಾದ, ಷಡ್ಜ, ರಿಷಭ ಎಂದು ಸುತ್ತು ಹೊಡೆಯುತ್ತ ಗಾಂಧಾರದ ಬಾಗಿಲ ತನಕ ಹೋಗಿ ಹೋಗಿ ವಾಪಸಾದ. ಸಭೆ ಕಾಯಿತು. ಮುಂದಿನ ಸಾಲಿನಲ್ಲಿ ಸೀತೆ ಹೊಸ ಸೀರೆಯುಟ್ಟು ಕಣ್ಣು ಮುಚ್ಚಿ ಕೂತಿದ್ದಳು. ಇನ್ನು ತಡೆಯಲಾರೆ ಎನ್ನಿಸಿದಾಗ ಅವನು ಗಾಂಧಾರದ ಮೇಲೆ ಕಾಲಿಟ್ಟ.

ಬಂದದ್ದು ರಾಘುವಿನ ಹಾರ್ಮೋನಿಯಂನ ಗಾಂಧಾರ. ಅದೇ ಮಾಮೂಲಿ ಗಾಂಧಾರ, ಒಂದೆಳೆಯೂ ಕೆಳಗಿಲ್ಲ.

ಕಮಲಾಕರ ತುಟಿಯ ಬಿಗಿ ಸಡಿಲಿಸಿ ಇಳಿಸಲು ನೋಡಿದ. ಊರಿಡೀ ಡಂಗುರ ಹೊಡೆದಿದ್ದ ಆ ತುಟಿಯ ಸಾಧನೆ ಕೀಂಯ್ ಎಂದು ಒಮ್ಮೆ ಕಿರುಚಿ ಸುಮ್ಮನಾಯಿತು. ಬೆರಳಿನ ಕೆಳಗೆ ತೂತಿನ ಅಂಚು ನುಣ್ಣಗಿತ್ತು. ಮೂಗಿಗೆ ಕೊಬ್ಬರಿ ಎಣ್ಣೆಯ ವಾಸನೆ ಬಡಿಯಿತು. ಕಣ್ಣು ತೆರೆದರೆ ಎದುರಿಗೆ ಸೀತೆ. ಅವಳ ದೃಷ್ಟಿ ಹೊಳೆಯುವ ಕೀಲಿಗಳ ಮೇಲಿತ್ತು. ಅವನಿಗೆ ಎಲ್ಲ ತಿಳಿಯಿತು. ಸಿಟ್ಟು ನೆತ್ತಿಗೇರಿ, ಅಲ್ಲಿ ಏನೂ ಮಾಡಲು ತೋಚದೆ ಹಾಗೇ ಇಳಿಯಿತು. ಉಳಿದ ಕಛೇರಿಯನ್ನು ಅವನು ಆ ಮಾಮೂಲಿ ಗಾಂಧಾರದಲ್ಲೇ ಮುಗಿಸಿದ. ರಾಘು ಖುಷಿಯಿಂದ ಪ್ರತಿ ಸಲವೂ ಅದರ ಮೇಲೆ ಬಂದು ಕೂತ. ಸಭೆಯಲ್ಲಿ ಹಿಂದೆಂದೂ ಅಲ್ಲಾಡದ ತಲೆಗಳು ಅಲ್ಲಾಡಿದವು.

ಚಪ್ಪಾಳೆಯೋ ಚಪ್ಪಾಳೆ. ಉಲ್ಲಾಸ ಮೈಕು ಹಿಡಿದು, "ಕಮಲಾಕರ ಹೆಗಡೆಯವರ ವರ್ಷಗಳ ತಪಸ್ಸು ಇಂದು ಫಲಿಸಿತು. ಅವರ ಗಾಂಧಾರ ಇಂದು ತನ್ನ ಸ್ಥಾನದಲ್ಲಿ ನೆಲೆಗೊಂಡಿತು" ಎಂದು ಅಚ್ಚುಕಟ್ಟಾದ ಪುಸ್ತಕದ ಕನ್ನಡದಲ್ಲಿ ಹೊಗಳಿ ಶಾಲು ಹೊದೆಸಿದ. ಹಿಂದೆ ಕೆನ್ನೆ ಹಿಡಿದುಕೊಂಡಿದ್ದವರೆಲ್ಲ ಬಂದು ಕೈ ಕುಲುಕಿದರು. ಕಷಾಯದ ಹೊತ್ತಿಗೆ ಒಬ್ಬನೂ ತಪ್ಪು ತೆಗೆಯಲಿಲ್ಲ. ಈ ಸೀಮೆಯಲ್ಲಿ ಕಲಾವಿದನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ, ಕಮಲಾಕರನಿಗೆ ಇದಕ್ಕಿಂತ ದೊಡ್ಡ ಅವಮಾನವೂ ಆಗಿರಲಿಲ್ಲ.

ಕಾರು ಯಲ್ಲಾಪುರ ದಾಟಿ ಶಿರಸಿಯ ರಸ್ತೆ ಹಿಡಿಯಿತು. ಮಂಚೀಕೇರಿ ಹತ್ತಿರ ಬಂದಾಗ ಸೀತೆ ಕೇಳಿದಳು.

"ಇಂದು ನಿಂಗಳ ಗಾಂಧಾರ ಎಲ್ಲಿ ಹೋತು?"

ಕಮಲಾಕರ ಬ್ರೇಕಿನ ಮೇಲೆ ಕಾಲಿಟ್ಟೇಬಿಟ್ಟಿದ್ದ. "ಯಾವ ಗಾಂಧಾರ?"

"ಎಂತ ಹಾಂಗೆ ಕೇಳ್ತ್ರಿ? ಮನೆಲಿ ದಿನಾ ಬಾರ್ಸ್ತಿದ್ರಲ, ಆ ಕೆಳಗಿಂದು. ಇಂದು ಬೈಂದೇ ಇಲ್ಲೆ."

ನೀನೇ ಕೆರೆದು ತೆಗೆದೆ ಎಂಬ ಮಾತು ಅವನ ನಾಲಗೆಯ ತುದಿಗೆ ಬಂದಿತ್ತು. ಅವಳ ಮುಖ ನೋಡಿದ. ಹೇಳಿದರೆ ಇವಳು ಜನ್ಮದಲ್ಲಿ ಮರೆಯುವುದಿಲ್ಲ. ಹೇಳಿದರೆ ತುಟಿಯ ಸಾಧನೆಯ ಬಂಡವಾಳವೂ ಬಯಲಾಗುತ್ತದೆ. ಎರಡರಲ್ಲಿ ಯಾವುದಕ್ಕೆ ಹೆದರಿದನೋ ಅವನಿಗೇ ಗೊತ್ತಾಗಲಿಲ್ಲ.

"ಜನಕ್ಕೆ ಬ್ಯಾಡ. ಅದಕ್ಕೇ ಬಿಟ್ಟೆ" ಎಂದ.

ಸೀತೆ ಅವನ ಕಡೆ ತಿರುಗಿದಳು. "ಬೆಳಗಾತು ಅಂದ್ರೆ ಆ ಗಾಂಧಾರ ಬಪ್ಪ ಹೊತ್ತಿಗೆ ಆನು ಕುಕ್ಕರ್ ಇಳಿಸಿ ಇಡ್ತಿದ್ದೆ. ಸೀಟಿ ಹೊಡದ್ರೆ ಅದು ಕೇಳ್ತಿಲ್ಲೆ ಹೇಳಿ. ಅನ್ನ ಸಮಾ ಬೆಂದಿದ್ದಿಲ್ಲೆ ಹೇಳಿ ನಿಂಗ ಬೈತಿದ್ರಿ."

"ನೀ ಒಂದು ದಿನಾನೂ ಹೇಳಿದ್ದಿಲ್ಲೆ!"

"ಎಂತ ಹೇಳದು? ಸರಿ ಇದ್ದಿದ್ದಕ್ಕೆ ಎಂತ ಹೇಳದು? ತಪ್ಪಿದ್ರೆ ಹೇಳ್ತಿದ್ದೆ."

ಕಮಲಾಕರನಿಗೆ ಅಳು ಬಂದಂತಾಯಿತು. ಇಷ್ಟು ವರ್ಷ ಯಾವುದಕ್ಕಾಗಿ ಹಪಹಪಿಸಿದ್ದನೋ ಅದು ದಿನಾ ಬೆಳಿಗ್ಗೆ ಅಡುಗೆಮನೆಯಲ್ಲಿ ಸುಮ್ಮನೆ ಸಿಕ್ಕುತ್ತಿತ್ತು. ಸಿಕ್ಕುತ್ತಿತ್ತೆಂದು ಗೊತ್ತಾದದ್ದು ಜನಕ್ಕೆ ಹೆದರಿ ಬಿಟ್ಟೆ ಎಂದು ಸುಳ್ಳು ಹೇಳಿದ ಮೇಲೆ. ಈಗಲಾದರೂ ಹೇಳಿಬಿಡಲೇ ಎಂದು ಬಾಯಿ ತೆರೆದ. ಫೋನು ರಿಂಗಾಯಿತು. ಉಲ್ಲಾಸನ ಧ್ವನಿ ಕಾರಿನ ತುಂಬ ಕೇಳಿಸಿತು.

"ಕಮಲಾಕರಣ್ಣ, ಸಿದ್ದಾಪುರದವು ಕೇಳ್ತಾ ಇದ್ದ, ಮುಂದಿನ ತಿಂಗಳು ಅಲ್ಲಿ ಒಂದು ಕಛೇರಿ ಮಾಡವಡ. ತೋಡಿನೇ ಬೇಕಡ. ಇಂದಿನ ಹಾಂಗೇ ಬಾರ್ಸವು, ಅಷ್ಟೇಯ. ಆತಾ?"

"ಆತು" ಎಂದ ಕಮಲಾಕರ.

ಸೀತೆ ಕಿಟಕಿಯ ಕಡೆ ತಿರುಗಿ ಕೂತಳು.

"ನಿಂಗ ಹೋಗಿ ಬನ್ನಿ. ಆನು ಬತ್ತಿಲ್ಲೆ."